ರೋಹೆ ಜೋಬ್ ಸೋಲೊಪ್ಪಿದ ಬೆಳಗು

ಫಾರಾಫೆನ್ನಿಯಲ್ಲಿ ಲಾರಿಗಳು ನಿಲ್ಲುವ ಜಾಗಕ್ಕೆ ಹೋಗಿ ರೋಹೆ ಜೋಬ್‌ಳ ಒಲೆ ಎಲ್ಲಿತ್ತು ಎಂದು ಕೇಳಿ. ಇವತ್ತಿಗೂ ಯಾರಾದರೂ ಬೇವಿನ ಮರದ ಕಡೆ ಗದ್ದ ಎತ್ತಿ ತೋರಿಸುತ್ತಾರೆ. ಮರ ಇದೆ. ಒಲೆ ಇಲ್ಲ, ಅವಳೂ ಇಲ್ಲ. ನಾನು ಕುದುರೆ ಗಾಡಿ ಹೊಡೆಯುತ್ತಿದ್ದವನು. ನನ್ನ ಗಾಡಿ ನಿಲ್ಲುತ್ತಿದ್ದುದೂ ಆ ಮರದ ನೆರಳಲ್ಲೇ. ಅವಳ ಕೈಯ ಅನ್ನ ತಿಂದು ಬೆಳೆದ ಮೈ ಇದು. ಅವಳ ಬಗ್ಗೆ ನಾಲ್ಕು ಮಾತು ಬರೆಯಲು ನನಗಿಂತ ಹಕ್ಕಿರುವವನು ಈ ಊರಲ್ಲಿ ಇನ್ನೊಬ್ಬನಿಲ್ಲ.

ನಮ್ಮ ಗ್ಯಾಂಬಿಯಾ ನದಿಯ ಎರಡು ದಡಕ್ಕೂ ಅಂಟಿಕೊಂಡ ಉದ್ದನೆಯ ಪಟ್ಟಿ. ಮೂರು ಕಡೆಯೂ ಸೆನೆಗಲ್. ಅವರ ಉತ್ತರದವರು ಅವರದೇ ದಕ್ಷಿಣಕ್ಕೆ ಹೋಗಬೇಕೆಂದರೂ ನಮ್ಮ ಅಂಗಳ ತುಳಿದುಕೊಂಡೇ ಹೋಗಬೇಕು. ಹಾಗೆ ತುಳಿಯುವ ಲಾರಿಗಳೆಲ್ಲ ಫಾರಾಫೆನ್ನಿಯಲ್ಲಿ ನಿಲ್ಲುತ್ತಿದ್ದವು, ನಿಂತವರೆಲ್ಲ ರೋಹೆಯ ಕೊಪ್ಪರಿಗೆಯ ಸುತ್ತ ಕೂರುತ್ತಿದ್ದರು. ಒಂದು ದಿನ ಮೀನು ಬೇಯಿಸಿದ ಕೆಂಪನ್ನ, ಇನ್ನೊಂದು ದಿನ ಬಿಳಿ ಅನ್ನದ ಮೇಲೆ ಕಡಲೆಕಾಯಿ ಸಾರು. ತಳ ಹಿಡಿದ ಸೀಕನ್ನು ಕೆರೆದು ಒಂದು ಪಕ್ಕಕ್ಕೆ ಇಟ್ಟಿರುತ್ತಿದ್ದಳು. ಅದು ಯಾರಿಗೆ ಎಂದು ಎಲ್ಲರಿಗೂ ಗೊತ್ತಿತ್ತು. ಅದು ನ್ಜಾಯೆ ಮನೆತನದವರಿಗೆ.

ನಮ್ಮಲ್ಲಿ ಜೋಬ್ ಮನೆತನಕ್ಕೂ ನ್ಜಾಯೆ ಮನೆತನಕ್ಕೂ ಗೇಲಿಯ ನಂಟು. ಭಾವ ಮೈದುನರ ಚೇಷ್ಟೆಗಿಂತ ಒಂದು ಕೈ ಮೇಲು. ಹಿಂದೆ ಮುಂದೆ ಮುಖ ನೋಡಿರಬೇಕೆಂದಿಲ್ಲ, ಮನೆತನದ ಹೆಸರು ಕಿವಿಗೆ ಬಿದ್ದರೆ ಸಾಕು, ಬಯ್ಯಲು ಶುರು. ಬೈಸಿಕೊಂಡವನು ಮುಖ ಊದಿಸುವ ಹಾಗಿಲ್ಲ. ನೀನು ನಮ್ಮ ಮನೆಯ ಆಳು ಎಂದು ಇವನು, ನಿನ್ನ ಮುತ್ತಜ್ಜನೇ ನಮ್ಮ ಹಟ್ಟಿ ಗುಡಿಸಿದವನು ಎಂದು ಅವನು. ಎಷ್ಟೋ ತಲೆಮಾರಿನಿಂದ ನಡೆದಿರುವ ಈ ವ್ಯಾಜ್ಯ ತೀರಿಲ್ಲ. ತೀರಬಾರದು ಎನ್ನುವುದೇ ಅದರ ಕಟ್ಟು.

ರೋಹೆ ಈ ವ್ಯಾಜ್ಯದಲ್ಲಿ ಜೋಬ್‌ಗಳ ಕಡೆಯ ಜಟ್ಟಿ. ಲಾರಿಯಿಂದ ಒಬ್ಬ ನ್ಜಾಯೆ ಇಳಿದ ಎಂದರೆ ಸೌಟು ಎತ್ತಿ ಹಿಡಿಯುತ್ತಿದ್ದಳು.

"ಬಂದ್ನಪ್ಪ ನಮ್ಮನೆ ಆಳು. ಕೈ ತೊಳ್ಕೊಂಡ್ಯೇನ್ಲಾ? ಇಲ್ಲ ಅದನ್ನೂ ಯಜಮಾನಿನೇ ಹೇಳ್ಕೊಡಬೇಕಾ?"

"ಅನ್ನ ಎಲ್ಲವ್ವಾ? ಜೋಬ್ ಮನೇಲಿ ಅಕ್ಕಿ ಬೇಯೋಕ್ ಮುಂಚೆನೇ ಅರ್ಧ ಗಂಟಲಲ್ಲಿ ಇಳಿದಿರ್ತದಂತೆ."

"ನಿಮ್ಮಪ್ಪ ಅನ್ನದ ಬುಟ್ಟೀಲಿ ತಲೆ ಇಟ್ಟೋನು ಎತ್ತಲೇ ಇಲ್ಲ ಕಣೋ. ಅಲ್ಲೇ ನಿಮ್ಮವ್ವನ್ನ ನೋಡಿದ್ದು."

ನಕ್ಕೂ ನಕ್ಕೂ ಡ್ರೈವರುಗಳ ಕಣ್ಣಲ್ಲಿ ನೀರು ಬರುತ್ತಿತ್ತು. ಇವಳ ಬಾಯಲ್ಲಿ ಬೈಸಿಕೊಳ್ಳಲೆಂದೇ ಮುಂದಿನ ಊರಲ್ಲಿ ಉಣ್ಣುವವರು ಇಲ್ಲಿ ನಿಲ್ಲಿಸುತ್ತಿದ್ದರು. ಸೆನೆಗಲ್‌ನ ಕೌಲಾಕ್ ಕಡೆಯ ಮುದುಕ ನ್ಜಾಯೆ ಒಬ್ಬ, ಸಾಯುವ ಮುಂಚೆ ಒಂದೇ ಒಂದು ಸಲ ನ್ಜಾಯೆಗಳೇ ಯಜಮಾನರು ಅಂತ ನಿನ್ನ ಬಾಯಲ್ಲಿ ಕೇಳಬೇಕವ್ವ ಎಂದು ಗೋಗರೆದ. "ಹಾಗಾದ್ರೆ ನೀನು ಸಾಯೋದೇ ಇಲ್ಲ ಬಿಡು, ದೇವರು ಒಳ್ಳೇದು ಮಾಡ್ದ" ಎಂದು ಸೀಕನ್ನು ಅವನ ಮುಂದೆ ಸುರಿದಳು.

ಅವಳು ಹುಟ್ಟಿದ್ದು ಫಾರಾಫೆನ್ನಿಯಲ್ಲಲ್ಲ. ಉತ್ತರಕ್ಕೆ, ಗಡಿಗೆ ಆತುಕೊಂಡ ಕೇರ್ ಬಿರಾಮಾ ಎಂಬ ಹಳ್ಳಿಯಲ್ಲಿ. ಹಳ್ಳಿ ಸೆನೆಗಲ್ ಆಳುತ್ತಿದ್ದ ಫ್ರೆಂಚರ ಕಡೆಗೆ, ಅವಳ ಅಪ್ಪನ ಕಡಲೆಕಾಯಿ ಹೊಲ ನಮ್ಮನ್ನು ಆಳುತ್ತಿದ್ದ ಇಂಗ್ಲಿಷರ ಕಡೆಗೆ. ಇಂಗ್ಲಿಷರ ಹಡಗು ನದಿಯಲ್ಲಿ ಬರುತ್ತಾ ಎರಡೂ ಕಡೆ ಫಿರಂಗಿ ಹಾರಿಸಿತಂತೆ, ಗುಂಡು ಬಿದ್ದಲ್ಲಿಗೆ ಗಡಿ ಆಯಿತಂತೆ. ನಮ್ಮ ಅಜ್ಜಂದಿರು ಹಾಗೆ ಹೇಳುತ್ತಿದ್ದರು, ನಿಜವೋ ಸುಳ್ಳೋ. ರೋಹೆ ಮಾತ್ರ, ಗುಂಡು ಇನ್ನೊಂದು ಮಾರು ದೂರ ಬಿದ್ದಿದ್ದರೆ ನಮ್ಮಪ್ಪ ಬುತ್ತಿ ಹೊತ್ತುಕೊಂಡು ಪರದೇಶಕ್ಕೆ ಉಳಲು ಹೋಗುವುದು ತಪ್ಪುತ್ತಿತ್ತು ಎನ್ನುತ್ತಿದ್ದಳು. ಅವಳನ್ನು ಈ ಕಡೆಗೆ ಮದುವೆ ಮಾಡಿ ಕೊಟ್ಟರು. ತಮ್ಮ ಮಾಸಾರ್ ಅಪ್ಪನ ಹಟ್ಟಿಯಲ್ಲೇ ಉಳಿದ. ಗಂಡ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಈ ಕೊಪ್ಪರಿಗೆಯಿಂದಲೇ ಸಾಕಿ, ಮದುವೆ ಮಾಡಿ ಕಳಿಸಿದಳು.

ಸೆನೆಗಲ್‌ಗೆ ಮೊದಲು ಸ್ವಾತಂತ್ರ್ಯ ಬಂತು. ಐದು ವರ್ಷ ಬಿಟ್ಟು ನಮಗೂ ಬಂತು. ಬಾವುಟ ಏರಿಸುವ ದಿನ ರೋಹೆ ಹೊಸ ಕುಪ್ಪಸ ತೊಟ್ಟು ನನ್ನ ಗಾಡಿಯಲ್ಲೇ ಬಂದಳು. ಕೆಂಪು, ನೀಲಿ, ಹಸಿರು ಮೇಲೇರಿದಾಗ ಎಲ್ಲರ ಜೊತೆ ಅವಳೂ ಅತ್ತಳು. ಬರುವಾಗ ದಾರಿಯಲ್ಲಿ ನನ್ನನ್ನು ಕೇಳಿದಳು.

"ದೋದೂ, ಇನ್ಮೇಲೆ ಆ ಗಡಿ ಗೇಟು ಕಿತ್ತಾಕ್ತಾರಾ?"

"ಇಲ್ಲ ಕಣಕ್ಕ. ಇನ್ಮೇಲೆ ಅದು ನಮ್ಮದೇ ಗೇಟು."

"ಅಂದ್ರೆ ಬೇಲಿಗೂ ಸ್ವಾತಂತ್ರ್ಯ ಬಂತು ಅನ್ನು."

ದೊಡ್ಡವರು ಎರಡೂ ಕಡೆ ಕೂತು, ನಾವಿಬ್ಬರೂ ಒಂದೇ ತಾಯಿ ಮಕ್ಕಳು ಎಂದು ರೇಡಿಯೋದಲ್ಲಿ ಹೇಳುತ್ತಿದ್ದರು. ಅದು ನಿಜವೇ. ಆದರೆ ಒಂದಾದರೆ ಈ ಚಿಕ್ಕ ದೇಶವನ್ನು ನುಂಗಿ ನೀರು ಕುಡಿಯುತ್ತಾರೆ ಎಂಬ ಅಂಜಿಕೆ ನಮಗೆ. ನಮ್ಮ ಕಡೆಯಿಂದ ಅಗ್ಗದ ಬಟ್ಟೆ, ಸಕ್ಕರೆ, ಬೆಂಕಿಪೆಟ್ಟಿಗೆ ನುಗ್ಗಿ ತಮ್ಮ ಅಂಗಡಿಗಳು ಹಾಳು ಬೀಳುತ್ತವೆ ಎಂಬ ಸಿಟ್ಟು ಅವರಿಗೆ. ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಮನೆಯಲ್ಲಿ ಆಗುವುದೇ ಆಯಿತು. ಒಂದು ವರ್ಷ ಕಡಲೆಕಾಯಿ ಕಿತ್ತು ಮುಗಿದ ಮೇಲೆ, ಮರಳುಗಾಡಿನ ಒಣಗಾಳಿ ಬೀಸುವ ಕಾಲದಲ್ಲಿ, ನಮ್ಮ ಭಾಗದ ಗೇಟನ್ನು ಆ ಕಡೆಯವರು ಮುಚ್ಚಿಬಿಟ್ಟರು. ಲಾರಿ ಇಲ್ಲ, ಜನ ಇಲ್ಲ, ರೋಹೆಯ ಕೊಪ್ಪರಿಗೆಯಲ್ಲಿ ಅರ್ಧ ಅನ್ನ.

ಅದೇ ವಾರ ಮಾಸಾರನ ಹೆಂಡತಿ ಪೆಂದಾ ಹೆತ್ತಳು.

ಇಲ್ಲಿ ಒಂದು ಮಾತು ಹೇಳಬೇಕು. ಪೆಂದಾ ಅದಕ್ಕೆ ಮುಂಚೆ ಮೂರು ಹೆತ್ತಿದ್ದಳು. ಮೂರೂ ಮಣ್ಣಿಗೆ ಹೋಗಿದ್ದವು. ಹಾಗೆ ಬಂದು ಬಂದು ಹೋಗುವ ಮಗುವನ್ನು ನಿಲ್ಲಿಸಿಕೊಳ್ಳಲು ನಮ್ಮವರು ಒಂದು ಉಪಾಯ ಮಾಡುತ್ತಾರೆ. ಎಂಟನೆಯ ದಿನ, ಹೆಸರಿಡುವ ಬೆಳಗ್ಗೆ, ತಾಯಿ ಮಗುವನ್ನು ತಿಪ್ಪೆಯ ಮೇಲೆ ಇಟ್ಟು ಹಿಂದೆ ನೋಡದೆ ಒಳಗೆ ಹೋಗಬೇಕು. ಅಪ್ಪನ ಅಕ್ಕನೋ ತಂಗಿಯೋ ದಾರಿಹೋಕಳ ಹಾಗೆ ಬಂದು, ಯಾರೋ ಬಿಸಾಕಿದ್ದು ಎಂದು ಮೂಗು ಮುರಿದು ಎತ್ತಿಕೊಳ್ಳಬೇಕು. ಅವಳ ಮಡಿಲಲ್ಲೇ ತಲೆ ಬೋಳಿಸಿ, ಯಾರಿಗೂ ಬೇಡವಾದ ಒಂದು ಹೆಸರು ಇಡಬೇಕು. ಬೇಡವಾದದ್ದನ್ನು ಸಾವೂ ಮೂಸುವುದಿಲ್ಲ ಎಂಬ ನಂಬಿಕೆ. ಮಾಸಾರನಿಗೆ ಇದ್ದವಳು ರೋಹೆ ಒಬ್ಬಳೇ ಅಕ್ಕ. ಮೂರನೆಯ ಮಗುವಿಗೆ ಹೀಗೆ ಮಾಡೋಣ ಎಂದಾಗ ಅವಳು ಜ್ವರದಿಂದ ಏಳಲಾರದೆ ಮಲಗಿದ್ದಳು. ನೆರೆಮನೆಯವಳು ಎತ್ತಿಕೊಂಡಳು. ಮಗು ಮಳೆಗಾಲ ಕಾಣಲಿಲ್ಲ.

ಬಟ್ಟೆ ಮಾರುವ ಹೆಂಗಸೊಬ್ಬಳು ಪೊದೆಗಳ ನಡುವೆ ನುಸುಳಿ ಬಂದು ಸುದ್ದಿ ಹೇಳಿದಳು. ಹೆಣ್ಣು ಕೂಸು. ನಾಳೆ ಬೆಳಗ್ಗೆ ಎಂಟನೆಯ ದಿನ.

ರೋಹೆ ನನ್ನ ಗಾಡಿಯ ಹತ್ತಿರ ಬಂದು ನಿಂತಳು. "ಬೆಳಕು ಹರಿಯೋ ಹೊತ್ತಿಗೆ ಕಟ್ಟು."

"ಅಕ್ಕಾ, ಗೇಟು ಮುಚ್ಚೈತೆ."

"ಗೇಟು ತಾನೆ ಮುಚ್ಚಿರೋದು. ನನ್ನ ಬಾಯಿ ಮುಚ್ಚಿಲ್ವಲ್ಲ."

ಪೊದೆಯ ದಾರಿ ಅವಳಿಂದ ಆಗುವಂತಿರಲಿಲ್ಲ. ಮೊಣಕಾಲು ಊದಿಕೊಂಡು ಕೋಲಿಲ್ಲದೆ ಹತ್ತು ಹೆಜ್ಜೆ ಹಾಕುವುದೂ ಕಷ್ಟ. ಗಾಡಿ ಪೊದೆಗೆ ಇಳಿಸಿದರೆ ಕಾವಲಿನವರು ಕುದುರೆ ಸಮೇತ ಎಳೆದೊಯ್ಯುತ್ತಿದ್ದರು. ರಸ್ತೆಯೊಂದೇ ಉಳಿದದ್ದು. ಹೊರಟೆವು. ದಾರಿಯುದ್ದ ಅವಳು ಏರುವ ಬೆಳಕನ್ನೇ ನೋಡುತ್ತಿದ್ದಳು.

ನಮ್ಮ ಕಡೆಯ ಪೊಲೀಸಿನವನು ಅವಳ ಅನ್ನ ಉಂಡವನು. ಕೈಬೀಸಿ ಬಿಟ್ಟ. "ನಾನು ಬಿಟ್ಟೆ ಅಂತ ಅವರು ಬಿಡಲ್ಲ ಅವ್ವ. ನಿನ್ನೆ ಒಂದು ಮದುವೆ ದಿಬ್ಬಣಾನೇ ವಾಪಸ್ ಕಳಿಸ್ದ ಆ ಮಹಾರಾಯ."

ಆ ಮಹಾರಾಯ ಆ ಕಡೆಯ ಅಡ್ಡಗೋಲಿನ ಪಕ್ಕ ಇದ್ದಿಲ ಒಲೆಯ ಮೇಲೆ ಸಣ್ಣ ಕೆಟಲಿನಲ್ಲಿ ಚಹಾ ಕಾಯಿಸುತ್ತಾ ಕೂತಿದ್ದ. ಮೂವತ್ತರ ಆಸುಪಾಸು, ಎತ್ತರದ ಆಳು, ಬೂಟಿನ ತುಂಬ ಧೂಳು. ಹಿಂದೆ ಚಾಪೆಯ ಮೇಲೆ ಅವನ ಜೊತೆಗಾರ ಮಲಗಿದ್ದ. ಕೋಲಿನಾಚೆ ಕೇರ್ ಬಿರಾಮಾದ ಹುಲ್ಲು ಮಾಡುಗಳು ಕಾಣುತ್ತಿದ್ದವು. ಮಾಸಾರನ ಹಟ್ಟಿಯಿಂದ ಹೊಗೆ ಏಳುತ್ತಿತ್ತು.

ರೋಹೆ ಗಾಡಿಯಿಂದ ಇಳಿದು ಪದ್ಧತಿಯ ಹಾಗೆ ಶಾಂತಿ ಕೋರಿದಳು. ಅವನ ಮನೆ, ಮಂದಿ, ಮೈ ಎಲ್ಲ ವಿಚಾರಿಸಿದಳು. ಅವನೂ ಒಂದೊಂದಕ್ಕೂ ಉತ್ತರ ಕೊಟ್ಟು, ಕೊನೆಗೆ ಅಂದ: "ವಾಪಸ್ ಹೋಗವ್ವ. ಯಾರನ್ನೂ ಬಿಡಬೇಡ ಅಂತ ಹುಕುಂ."

"ಹೋಗ್ತೀನಿ. ಯಾರ ಮಗ ಕಳಿಸ್ದ ಅಂತ ತಿಳ್ಕೊಂಡು ಹೋಗ್ತೀನಿ. ಯಾವ ಮನೆತನಪ್ಪ?"

"ನ್ಜಾಯೆ."

ಅವಳು ನನ್ನ ಕಡೆ ತಿರುಗಿದಳು. ಒಣಗಿದ್ದ ಮುಖಕ್ಕೆ ರಕ್ತ ಬಂದಿತ್ತು. "ನೋಡಿದ್ಯಾ ದೋದೂ. ನಮ್ಮನೆ ಆಳು ಕಾಣ್ತಿಲ್ಲ ಕಾಣ್ತಿಲ್ಲ ಅಂತ ಊರೆಲ್ಲ ಹುಡುಕಿದ್ವಿ. ಇಲ್ಲಿ ಬೂಟು ಹಾಕ್ಕೊಂಡು ಚಾ ಕುಡೀತಾ ಕೂತವ್ನೆ."

ಅವನ ಕೈಯ ಕೆಟಲು ನಿಂತಲ್ಲೇ ನಿಂತಿತು. "ನೀನು ಜೋಬಾ?"

"ನಿನ್ನ ಯಜಮಾನಿ ಹೆಸರು ನಿನಗೆ ಗೊತ್ತಿಲ್ವೇನೋ?"

ಅವನು ತಲೆ ಹಿಂದಕ್ಕೆ ಹಾಕಿ ನಕ್ಕ ನಗೆಗೆ ಚಾಪೆಯ ಮೇಲಿನವನು ಎದ್ದು ಕೂತ. ನ್ಜಾಯೆ ಸೆನೆಗಲ್‌ನ ಬಡಗಣ ತುದಿಯ ಸೇಂಟ್ ಲೂಯಿಯವನಂತೆ. ಈ ಕಾಡಿಗೆ ಬಂದಾಗಿನಿಂದ ತನ್ನನ್ನು ಯಾರೂ ಬಾಯಿತುಂಬ ಬೈದಿಲ್ಲ ಎಂದು ಆಮೇಲೆ ಹೇಳಿದ. ಎಲ್ಲರೂ ಹೆದರಿಕೊಂಡು ಸಾಹೇಬರೇ ಸಾಹೇಬರೇ ಎಂದವರೇ.

"ಬಾ ಕೂತ್ಕೋ, ಅನ್ನಬಾಕಿ" ಎಂದು ತನ್ನ ಮಣೆ ಕೊಟ್ಟ. "ನಿಮ್ಮೋರಿಂದ ತಾನೆ ಈ ಗೇಟು ಮುಚ್ಚಿರೋದು. ಜೋಬ್‌ಗಳು ಆ ಕಡೆ ಈ ಕಡೆ ಓಡಾಡಿ ಎರಡು ದೇಶದ ಅಕ್ಕೀನೂ ತಿಂದು ಮುಗಿಸ್ತಾರೆ ಅಂತ ಸರ್ಕಾರಕ್ಕೆ ಭಯ."

"ಸರ್ಕಾರಕ್ಕೆ ಬುದ್ಧಿ ಇದ್ದಿದ್ರೆ ನ್ಜಾಯೆ ಕೈಗೆ ಕೋಲು ಕೊಡ್ತಿತ್ತಾ? ನಿಮ್ಮಜ್ಜಂಗೆ ಮೇಕೆ ಕಾಯೋಕೆ ಕೊಟ್ಟಿದ್ವಿ. ಸಂಜೆ ಮೇಕೆ ಬಂತು, ನಿಮ್ಮಜ್ಜ ಕಳೆದುಹೋಗಿದ್ದ."

ಅವನು ಮೊದಲ ಲೋಟ ಅವಳಿಗೆ ಕೊಟ್ಟ. ಇಬ್ಬರೂ ಬೈದಾಡಿದರು, ನಕ್ಕರು. ಆದರೆ ಅಡ್ಡಗೋಲು ಇದ್ದಲ್ಲೇ ಇತ್ತು. ಬೆಳಗಿನ ಬಿಸಿಲು ಮರದ ತುದಿಯಿಂದ ನೆಲದ ಕಡೆ ಇಳಿಯುತ್ತಿತ್ತು. ಹೊತ್ತೇರುವ ಮುಂಚೆ ತಲೆ ಬೋಳಿಸಬೇಕು. ಅವಳು ಲೋಟ ಕೆಳಗಿಟ್ಟಳು.

"ಇನ್ನು ಕೋಲೆತ್ತಪ್ಪ. ನನ್ನ ತಮ್ಮನ ಮನೇಲಿ ಹೆಸರಿಡೋದು ಐತೆ."

ಅವನ ಮುಖ ಸಣ್ಣಗಾಯಿತು. "ಅದೊಂದು ಕೇಳಬೇಡ ಅವ್ವ. ನಿನ್ನೆ ಮದುಮಗಳು ಅತ್ಲು, ಬಿಡಲಿಲ್ಲ. ಈವತ್ತು ನೆಂಟರು ಅಂತ ನಿನ್ನ ಬಿಟ್ರೆ ನಾನು ಯಾವ ಮುಖ ಇಟ್ಕೊಂಡು ಇಲ್ಲಿ ಕೂರ್ಲಿ? ಗ್ಯಾಂಬಿಯಾದ ಒಬ್ಬ ಮನುಷ್ಯನೂ ದಾಟಬಾರದು ಅಂತ ಬರೆದು ಕೊಟ್ಟವ್ರೆ." ಆಮೇಲೆ, ಅವಳನ್ನು ನಗಿಸಲೆಂದು, ಸೇರಿಸಿದ: "ನ್ಜಾಯೆ ಮನೆ ಆಳಾದ್ರೆ ಬೇರೆ ಮಾತು. ಮನೆ ಆಳು ಯಜಮಾನನ ಹಿಂದೆ ಎಲ್ಲಿಗೆ ಬೇಕಾದ್ರೂ ಬರ್ಬೋದು. ಒಪ್ಕೋ, ಎತ್ತೇ ಬಿಡ್ತೀನಿ."

ಚಾಪೆಯ ಮೇಲಿನವನು ಕಿಸಕ್ಕನೆ ನಕ್ಕ. ನಾನೂ ನಕ್ಕೆ. ಮಾತಿಗೆ ಮಾತು ಬರುತ್ತದೆ ಎಂದು ಮೂವರೂ ಅವಳ ಬಾಯಿ ನೋಡಿದೆವು.

ರೋಹೆ ಮಣೆಯಿಂದ ಎದ್ದಳು. ತನ್ನ ಊರುಗೋಲಿಗೆ ಆತು ನಿಂತಳು. ಹೊಗೆ ಏಳುತ್ತಿದ್ದ ಕಡೆ ಒಂದು ಸಲ ನೋಡಿದಳು.

"ಹೌದು" ಎಂದಳು. "ಜೋಬ್‌ಗಳು ನ್ಜಾಯೆಗಳ ಆಳುಗಳು. ನಮ್ಮಪ್ಪ ನಿಮ್ಮಪ್ಪನ ಆಳು. ನಾನು ನಿನ್ನ ಆಳು. ಈಗ ಎತ್ತು."

ನನ್ನ ನಗು ಬಾಯಲ್ಲೇ ಸತ್ತಿತು. ನಿಮಗೆ ಇದು ದೊಡ್ಡದಾಗಿ ಕಾಣದೇ ಇರಬಹುದು. ಆ ವ್ಯಾಜ್ಯದಲ್ಲಿ ಸೋಲೊಪ್ಪಿದ ಒಬ್ಬರನ್ನೂ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಎದುರಾಳಿ ಅಂಗಾತ ಮಲಗಿಬಿಟ್ಟರೆ ಗೆದ್ದವನು ಏನು ಮಾಡಬೇಕು? ನ್ಜಾಯೆ ಏಟು ತಿಂದವನ ಹಾಗೆ ಎದ್ದುನಿಂತ.

"ಹಂಗನ್ನಬೇಡ ತಾಯಿ. ವಾಪಸ್ ತಗೋ ಆ ಮಾತು."

"ತಗೊಳ್ಳಲ್ಲ."

"ನಾನು ತಮಾಷೆಗಂದೆ."

"ನಾನು ತಮಾಷೆಗನ್ನಲಿಲ್ಲ. ಎತ್ತಪ್ಪ."

"ಅಂಥಾದ್ದೇನವ್ವ ಐತೆ ಆ ಮನೇಲಿ?"

ಆಗ ಅವಳು ಹೇಳಿದಳು. ಮೂರು ಮಕ್ಕಳ ವಿಷಯ, ಜ್ವರದ ವಿಷಯ, ಈಗ ತಿಪ್ಪೆಯ ಮೇಲೆ ತನ್ನನ್ನು ಕಾಯುತ್ತಿರುವ ನಾಲ್ಕನೆಯದರ ವಿಷಯ. ಬೇಡಿಕೊಳ್ಳುವ ಧ್ವನಿಯಲ್ಲಲ್ಲ, ಅಂಗಡಿಯಿಂದ ಏನೇನು ತರಬೇಕು ಎಂದು ಹೇಳುವ ಹಾಗೆ. ಅವನು ನೆಲ ನೋಡುತ್ತಾ ಕೇಳಿದ. ಕೇಳಿ ಮುಗಿದ ಮೇಲೆ ಟೋಪಿ ಹಾಕಿಕೊಂಡು ಜೊತೆಗಾರನಿಗೆ ಅಂದ: "ಈ ಹೆಂಗಸನ್ನೂ ಗಾಡೀನೂ ನಾನು ಹಿಡಿದಿದ್ದೀನಿ. ವಿಚಾರಣೆಗೆ ಕೇರ್ ಬಿರಾಮಾಕ್ಕೆ ಕರ್ಕೊಂಡು ಹೋಗ್ತಾ ಇದ್ದೀನಿ."

"ಏನು ತಪ್ಪಿಗೆ?" ಎಂದ ಜೊತೆಗಾರ.

"ನ್ಜಾಯೆಗಳ ಬಗ್ಗೆ ಸುಳ್ಳು ಹೇಳಿದ್ದಕ್ಕೆ. ಆಳು ಅಂತೆ, ಇವಳು. ಮುಖ ನೋಡು."

ಅಡ್ಡಗೋಲು ಎತ್ತಿ, ನನ್ನ ಕುದುರೆಯ ಬಾಯಿಹಗ್ಗ ತಾನೇ ಹಿಡಿದು ಮುಂದೆ ನಡೆದ. ಅವಳು ಗಾಡಿಯಲ್ಲಿ ಕೂತು ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಂಡಳು.

ಹಟ್ಟಿಯ ಬಾಗಿಲಲ್ಲಿ ಜನ ಸೇರಿತ್ತು. ಸಮವಸ್ತ್ರ ಕಂಡು ಎಲ್ಲರೂ ಎದ್ದರು; ಮಾಸಾರ್ ಓಡಿ ಬಂದವನು ಅಕ್ಕನನ್ನು ಕಂಡು ನಿಂತ. ಯಾರೂ ಅವಳನ್ನು ಎದುರುಗೊಳ್ಳಲಿಲ್ಲ, ಏಕೆಂದರೆ ಅವಳು ಅಕ್ಕನಾಗಿ ಬಂದವಳಲ್ಲ, ದಾರಿಹೋಕಳಾಗಿ ಬಂದವಳು. ಹಿತ್ತಲ ತಿಪ್ಪೆಯ ಮೇಲೆ, ಕಡಲೆಕಾಯಿ ಸಿಪ್ಪೆ ಮತ್ತು ಬೂದಿಯ ನಡುವೆ, ಹಳೆಯ ಬಟ್ಟೆಯ ಮೇಲೆ ಕೂಸು ಮಲಗಿತ್ತು. ಪೆಂದಾ ಗುಡಿಸಲೊಳಗೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಬಾಗಿಲಿಂದ ಅವಳ ಬೆನ್ನು ಕಾಣುತ್ತಿತ್ತು.

ರೋಹೆ ಕುಂಟುತ್ತಾ ಹೋಗಿ ಬಗ್ಗಿ ನೋಡಿದಳು. "ಥೂ. ಯಾರ್ದಿದು? ಇಷ್ಟು ಕೆಟ್ಟ ಮೂತಿ ನಾನು ಕಂಡಿಲ್ಲ. ಯಾರಿಗೂ ಬೇಡ ತಾನೆ? ನನಗೂ ಬೇಡ. ದಾರೀಲಿ ಬಿದ್ದಿದೆ ಅಂತ ತಗೊಂಡು ಹೋಗ್ತೀನಿ." ಬೈಯುತ್ತಲೇ ಒಂದು ಅಂಗೈಯನ್ನು ಕತ್ತಿನ ಕೆಳಗೆ, ಒಂದನ್ನು ಬೆನ್ನ ಕೆಳಗೆ, ನೀರಿನ ಮೇಲಿಂದ ಎಲೆ ಎತ್ತುವ ಹಾಗೆ ತೂರಿಸಿ ಎತ್ತಿಕೊಂಡಳು.

ತಲೆ ಬೋಳಿಸಿದರು. ಹಿರಿಯರು ಕಿವಿಯಲ್ಲಿ ಪ್ರಾರ್ಥನೆ ಉಸುರಿ ಹೆಸರು ಹೇಳಿದರು: ಅಮುಲ್ ಯಾಕಾರ್. ಇದರ ಮೇಲೆ ಆಸೆಯಿಲ್ಲ ಎಂದು ಅದರರ್ಥ. (ಆಸೆಯಿಲ್ಲದ ಆ ಹುಡುಗಿ ಇವತ್ತು ನನ್ನ ಕುದುರೆಗಿಂತ ತೂಕವಾಗಿ, ಕೌಲಾಕ್ ಸಂತೆಯಲ್ಲಿ ಕೂತು ಗಿರಾಕಿಗಳನ್ನು ಬೈಯುತ್ತಾಳೆ.) ಆಮೇಲೆ ಹಿರಿಯರಲ್ಲೊಬ್ಬ ಗೇಟಿನ ನ್ಜಾಯೆಯ ಕಡೆ ನೋಡಿದ. ಜೋಬ್‌ಗಳ ಮನೆಯ ಹೆಸರಿಡುವ ದಿನ ಒಬ್ಬ ನ್ಜಾಯೆ ಇದ್ದರೆ, ಕೂಸನ್ನು ಅವನು ಬೈಯಬೇಕು. ಅದು ಒಳ್ಳೆಯದು.

ನ್ಜಾಯೆ ಹತ್ತಿರ ಬಂದು ಬಗ್ಗಿದ. ಕೂಸು ಕಣ್ಣು ಬಿಟ್ಟು ಅವನ ಗುಂಡಿಗಳನ್ನು ನೋಡಿತು. ಅವನು ಬಾಯಿ ತೆರೆದ, ಮುಚ್ಚಿದ. ಅವನಿಗೂ ಊರಲ್ಲಿ ಯಾರಿದ್ದರೋ, ಏನೋ.

"ಬೈಯೋ" ಎಂದಳು ರೋಹೆ ಮೆಲ್ಲಗೆ. "ಅಷ್ಟೊತ್ತಿಂದ ನನ್ನ ಬೈದ್ಯಲ್ಲ, ಈಗೇನು ಗಂಟಲು ಕಟ್ತು? ನೀನು ಬೈಯ್ದೆ ಹೋದ್ರೆ ಇದು ಹೆಂಗೋ ನಿಲ್ತದೆ?"

ಅವನು ಕೆಮ್ಮಿದ. "ಏನು ಜೋಬ್‌ಗಳೇ, ಇದನ್ನ ಕೂಸು ಅಂತೀರಾ? ಸುಟ್ಟ ಗೆಣಸಿನ ಹಂಗೈತೆ. ಹಲ್ಲೇ ಇಲ್ಲ, ಆಗ್ಲೇ ಅನ್ನಕ್ಕೆ ಬಾಯಿ ತೆಗೀತೈತೆ. ಇದನ್ನ ಯಾರಾದ್ರೂ ಪುಕ್ಕಟೆ ಕೊಟ್ರೂ ನಾನು ಮುಟ್ಟಲ್ಲ." ಹೇಳುವಾಗ ಕಣ್ಣು ಒರೆಸಿಕೊಂಡ, ಒಣಗಾಳಿಯ ಧೂಳು ಎಂದ.

ಅಲ್ಲಿಗೆ ಹಟ್ಟಿಗೆ ಹಟ್ಟಿಯೇ ಬಾಯಿಬಿಟ್ಟಿತು. ಒಬ್ಬೊಬ್ಬರೂ ಬಂದು ಬಗ್ಗಿ ಒಂದೊಂದು ಬೈಗುಳ ಉದುರಿಸಿ ಹೋದರು. ಸಜ್ಜೆ ಹಿಟ್ಟಿನ ಅಂಬಲಿಗೆ ಹುಳಿಮೊಸರು ಹುಯ್ದು ದೊಡ್ಡ ಬೋಗುಣಿಗಳಲ್ಲಿ ತಂದಿಟ್ಟರು. ಅಷ್ಟು ಹೊತ್ತು ಸುಮ್ಮನಿದ್ದ ಕೂಸಿಗೆ ಹಸಿವಾಯಿತೋ ಸಿಟ್ಟು ಬಂತೋ, ಇಡೀ ಊರಿಗೆ ಕೇಳುವ ಹಾಗೆ ಕಿರುಚತೊಡಗಿತು. ಗೋಡೆಗೆ ತಿರುಗಿದ್ದ ಪೆಂದಾಳ ಬೆನ್ನು ಆ ದನಿಗೆ ನಡುಗುವುದು ನನಗೆ ಕಂಡಿತು. ಕೂಸು ಈಗ ಅವಳದಲ್ಲ. ಅವಳು ಏಳುವ ಹಾಗಿಲ್ಲ, ತಿರುಗುವ ಹಾಗಿಲ್ಲ.

ರೋಹೆ ಕೂಸನ್ನು ಎದೆಗೊತ್ತಿಕೊಂಡು ಗುಡಿಸಲ ಹೊಸ್ತಿಲ ಹತ್ತಿರ ಹೋದಳು. ಪರವೂರಿನ ಹೆಂಗಸು ಪರವೂರಿನ ಹೆಂಗಸನ್ನು ಕೇಳುವ ಹಾಗೆ ಕೇಳಿದಳು.

"ಯಾರವ್ವ ಒಳಗಿರೋದು? ದಾರೀಲಿ ನಂಗೊಂದು ಕೂಸು ಸಿಕ್ತು. ನನಗೆ ವಯಸ್ಸಾಯ್ತು, ಎದೇಲಿ ಹಾಲಿಲ್ಲ. ನಿನ್ನ ಹತ್ರ ಒಂದಿಷ್ಟು ಇದ್ರೆ ಕೊಡ್ತೀಯಾ, ತಾಯಿ?"

ಪೆಂದಾ ಗೋಡೆಯಿಂದ ತಿರುಗಿ ಎರಡೂ ಕೈ ಚಾಚಿದಳು.